ನಾಲ್ಕಿಂಚು ಎತ್ತರದ ಜೀಪು

ಮಲೆನಾಡಿನಲ್ಲಿ ಜೀಪಿನ ವಯಸ್ಸು ಕೇಳುವ ಪದ್ಧತಿಯಿಲ್ಲ. ಕೇಳಿದರೂ ಸರಿಯಾದ ಉತ್ತರ ಸಿಗುವುದಿಲ್ಲ. ಆರ್‌ಸಿ ಪುಸ್ತಕ ಒಂದು ವರ್ಷ ಹೇಳುತ್ತದೆ, ಎಂಜಿನ್ನು ಇನ್ನೊಂದು ವರ್ಷದ್ದು, ಗೇರ್‌ಬಾಕ್ಸು ಯಾವುದೋ ಮಿಲಿಟರಿ ಹರಾಜಿನಲ್ಲಿ ಬಂದದ್ದು, ಮೇಲಿನ ಟಾರ್ಪಾಲು ಮಾತ್ರ ಕಳೆದ ಮಳೆಗಾಲದ್ದು. ಎಲ್ಲ ಸೇರಿ ಒಂದೇ ಜೀಪು ಎಂಬ ನಂಬಿಕೆಯ ಮೇಲೆ ಅದು ಬೆಳಗ್ಗೆ ಆಳುಗಳನ್ನು ತೋಟಕ್ಕೆ ಒಯ್ಯುತ್ತದೆ, ಮಧ್ಯಾಹ್ನ ಗೊಬ್ಬರದ ಮೂಟೆ ಹೊರುತ್ತದೆ, ಸಂಜೆ ಸ್ವಲ್ಪ ನೀರು ಹೊಡೆಸಿಕೊಂಡು ಮದುವೆ ಮನೆಗೂ ಹೋಗುತ್ತದೆ.

ಇಂಥ ಜೀಪನ್ನು ಇನ್ನಷ್ಟು ಎತ್ತರ ಮಾಡಿಸುವ ಹುಚ್ಚು ನಮ್ಮ ಕಡೆಗೆ ಹತ್ತಿದ್ದು ಈಚೆಗೆ. ಹಿಂದೆಲ್ಲ ಮಳೆಗಾಲದಲ್ಲಿ ತೋಟದ ರಸ್ತೆ ಕೆಸರೆದ್ದರೆ ಟೈರಿಗೆ ಚೈನು ಸುತ್ತುತ್ತಿದ್ದರು. ಚೈನೂ ಸೋತರೆ ಆಳು ಕೂಗಿ ನೂಕಿಸುತ್ತಿದ್ದರು. ಅದೂ ಆಗದಿದ್ದರೆ ಜೀಪನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಕಾಫಿ ಕುಡಿಯುತ್ತಿದ್ದರು. ಈ ಮೂರನೆಯ ಉಪಾಯ ಈಗಿನವರಿಗೆ ಹಿಡಿಸುವುದಿಲ್ಲ. ಶನಿವಾರ ಬೆಳಗಾದರೆ ಬೆಂಗಳೂರಿನಿಂದ ಸಾಲುಗಟ್ಟಿ ಬರುವ ಗಾಡಿಗಳು ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲುತ್ತವೆ. ಮೂತಿಗೊಂದು ವಿಂಚು, ನೆತ್ತಿಯ ಮೇಲೊಂದು ಸಾಲು ದೀಪ, ಸೊಂಟದ ಮಟ್ಟಕ್ಕೆ ಬರುವ ಟೈರು. ನನ್ನ ಭಾವಮೈದ ಅಲ್ಲಿ ದೋಸೆ ತಿನ್ನುವುದು ಬಿಟ್ಟು ಆ ಟೈರುಗಳ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ. ಆಗಲೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು ಎಂದು ನನ್ನ ಹೆಂಡತಿ ಈಗ ಹೇಳುತ್ತಾಳೆ.

ಅವನ ಜೀಪು ಊರಿಂದ ಹೋದದ್ದು ಜೀಪಾಗಿ, ಬಂದದ್ದು ಉಪ್ಪರಿಗೆಯಾಗಿ. ಕಮಾನಿಗೆ ಹೊಸ ಪಟ್ಟಿ ಸೇರಿಸಿದ್ದರು, ಕಮಾನನ್ನು ಚಾಸಿಗೆ ತೂಗುಹಾಕುವ ಶಾಕಲ್ಲುಗಳನ್ನು ಉದ್ದದ್ದು ಹಾಕಿದ್ದರು, ಚಕ್ರ ಹೊರಕ್ಕೆ ಬರಲಿ ಎಂದು ನಡುವೆ ಸ್ಪೇಸರ್ ಕೊಟ್ಟಿದ್ದರು, 33 ಇಂಚಿನ ಟೈರು ಏರಿಸಿದ್ದರು. ಅಂಗಳಕ್ಕೆ ಬಂದು ನಿಂತ ಜೀಪನ್ನು ಅತ್ತೆ ಮೊದಲು ಮುಂದಿನಿಂದ, ಆಮೇಲೆ ಪಕ್ಕದಿಂದ ನೋಡಿ, “ಹತ್ತೋದು ಹೇಗೋ?” ಅಂದರು. ಅದಕ್ಕೆ ಅವನ ಬಳಿ ಉತ್ತರ ಇರಲಿಲ್ಲ. ಅಂದಿನಿಂದ ಬಚ್ಚಲ ಮನೆಯ ಮರದ ಸ್ಟೂಲು ಜೀಪಿನ ಹಿಂಭಾಗದಲ್ಲೇ ವಾಸ. ಅತ್ತೆ ದೇವಸ್ಥಾನಕ್ಕೆ ಹೊರಟರೆ ಮೊದಲು ಸ್ಟೂಲು ಇಳಿಯುತ್ತದೆ, ಆಮೇಲೆ ಅತ್ತೆ ಹತ್ತುತ್ತಾರೆ, ಕೊನೆಗೆ ಸ್ಟೂಲು ಹತ್ತುತ್ತದೆ.

ಜೀಪು ಎತ್ತರ ಮಾಡಿಸುವವರು ಸಾಮಾನ್ಯವಾಗಿ ಮರೆಯುವ ಒಂದು ಲೆಕ್ಕವಿದೆ. ಕಮಾನು, ಶಾಕಲ್ಲು ಬದಲಿಸಿದರೆ ಮೇಲೇಳುವುದು ಬಾಡಿ ಮತ್ತು ಚಾಸಿ ಮಾತ್ರ. ಆಕ್ಸಲ್ಲು ಏಳುವುದಿಲ್ಲ. ಅದರ ನಡುವೆ ಇರುವ ಡಿಫರೆನ್ಷಿಯಲ್ಲಿನ ಗುಂಡು, ಅಂದರೆ ಕಲ್ಲಿಗೆ ಮೊದಲು ತಾಗುವ ಭಾಗ, ಎಲ್ಲಿತ್ತೋ ಅಲ್ಲೇ ಇರುತ್ತದೆ. ಅದನ್ನು ಎತ್ತಬೇಕಾದರೆ ದೊಡ್ಡ ಟೈರೇ ಗತಿ, ಅದರಲ್ಲೂ ಅರ್ಧ ಸೋಡಿ: ಟೈರಿನ ಅಡ್ಡಳತೆ ನಾಲ್ಕಿಂಚು ಹೆಚ್ಚಿದರೆ ಗುಂಡು ಮೇಲೇರುವುದು ಎರಡೇ ಇಂಚು. ಹಾಗಾದರೆ ಬಾಡಿ ಎತ್ತುವುದು ಏಕೆ? ದೊಡ್ಡ ಟೈರು ಮಡ್‌ಗಾರ್ಡಿಗೆ ತಾಗದಿರಲಿ ಎಂದು. ದೊಡ್ಡ ಟೈರು ಏಕೆ? ಎತ್ತಿದ ಬಾಡಿಗೆ ಸಣ್ಣ ಟೈರು ಚೆನ್ನಾಗಿ ಕಾಣುವುದಿಲ್ಲ ಎಂದು. ಈ ವಾದದೊಳಗೆ ಒಮ್ಮೆ ಹೊಕ್ಕವರು ಹೊರಗೆ ಬರುವುದು ಕಷ್ಟ. ನಿಜ, ಕಡಿದಾದ ದಿಬ್ಬಕ್ಕೆ ಮೂತಿ ಕೊಡುವಾಗ ಬಂಪರ್ ನೆಲಕ್ಕೆ ಉಜ್ಜುವುದಿಲ್ಲ, ಹೊಟ್ಟೆ ಕಲ್ಲಿನ ಮೇಲೆ ಕೂರುವುದಿಲ್ಲ. ಅಷ್ಟು ಲಾಭ ಇದೆ. ಆದರೆ 1343 ಮೀಟರ್ ಎತ್ತರದ ಕೊಡಚಾದ್ರಿಗೆ ಯಾತ್ರಿಕರನ್ನು ಹೇರಿಕೊಂಡು ಆ ಕೊರಕಲು ದಾರಿ ಹತ್ತುವ ಬಾಡಿಗೆ ಜೀಪುಗಳನ್ನು ನೋಡಿ. ಹೆಚ್ಚಿನವು ಹುಟ್ಟಿದ ಎತ್ತರದಲ್ಲೇ ಇವೆ.

ಜೀಪಿನ ಮುಂದಿನ ಆಕ್ಸಲ್ಲಿಗೆ ದೊಡ್ಡ ವಂಶಾವಳಿಯಿದೆ. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಕಂಪನಿ ಜೀಪು ಮಾಡತೊಡಗಿದಾಗ ಅದಕ್ಕೆ ಕೊಟ್ಟ ಟೈರು 6.00-16 ಅಳತೆಯ ಸಪೂರ ಟೈರು; ಆಕ್ಸಲ್ಲೂ ಅದಕ್ಕೆ ತಕ್ಕದ್ದು. ಯುದ್ಧ ಮುಗಿದ ಮೇಲೆ ಆ ಜೀಪನ್ನು ಇಲ್ಲಿ ಜೋಡಿಸತೊಡಗಿದ್ದು 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ. ದೇಶ ಎರಡಾದಾಗ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ಲೂ ಆದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು; ಎಂ ಅಂಡ್ ಎಂ ಎಂಬ ಅಕ್ಷರಗಳನ್ನು ಬದಲಿಸುವ ಖರ್ಚು ಉಳಿಯಿತು. ನಾನು ಈ ಕತೆ ಹೇಳಿದಾಗ ಭಾವಮೈದ, “ಭಾವ, ಅದೆಲ್ಲ ಸರಿ, ಸ್ಟೀರಿಂಗ್ ಯಾಕೆ ನಡುಗ್ತದೆ ಹೇಳಿ” ಅಂದ.

ನಡುಗುತ್ತಿತ್ತು. ಅರವತ್ತರ ಆಸುಪಾಸಿನ ವೇಗದಲ್ಲಿ ರಸ್ತೆಯ ಸಣ್ಣದೊಂದು ತೇಪೆ ಸಿಕ್ಕರೆ ಸಾಕು, ಸ್ಟೀರಿಂಗು ಎಡಕ್ಕೂ ಬಲಕ್ಕೂ ಒದರಲು ಶುರು. ಹಿಡಿದಷ್ಟೂ ಹೆಚ್ಚು. ವೇಗ ಪೂರ್ತಿ ಇಳಿಸಿದ ಮೇಲೇ ತಣ್ಣಗಾಗುವುದು. ಪಕ್ಕದಲ್ಲಿ ಕೂತವರಿಗೆ ಮನೆದೇವರ ನೆನಪಾಗುವಷ್ಟು ಹೊತ್ತು ಅದು ನಡೆಯುತ್ತದೆ. ಊರಿನಲ್ಲಿ ಇದಕ್ಕೆ ನೂರು ಪರಿಹಾರ. ಒಬ್ಬರು ಗಾಳಿ ಕಮ್ಮಿ ಮಾಡಿ ಅಂದರು, ಒಬ್ಬರು ಜಾಸ್ತಿ ಮಾಡಿ ಅಂದರು, ಇನ್ನೊಬ್ಬರು ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಅಂದರು. ಡ್ಯಾಂಪರ್ ಹಾಕಿದ ಮೇಲೆ ಕೆಲ ದಿನ ನಡುಕ ನಿಂತಿತು. ರೋಗ ನಿಂತಿರಲಿಲ್ಲ.

ಕೊನೆಗೆ ಅದು ಸೇರಿದ್ದು ಪೇಟೆಯ ಅಂಚಿನ ಹಳೆಯ ಮೇಸ್ತ್ರಿಯ ಶೆಡ್ಡಿಗೆ. ಆ ಮೇಸ್ತ್ರಿಗೆ ಗಾಡಿ ಓಡಿಸಿ ನೋಡುವ ಅಭ್ಯಾಸವಿಲ್ಲ. ಜಾಕ್ ಕೊಟ್ಟು ಮುಂದಿನ ಎಡಚಕ್ರವನ್ನು ನೆಲದಿಂದ ಎತ್ತಿಸಿದರು. ಒಂದು ಕೈ ಟೈರಿನ ನೆತ್ತಿಗೆ, ಇನ್ನೊಂದು ಬುಡಕ್ಕೆ ಇಟ್ಟು ಅಲುಗಿಸಿದರು. ಕಟ್, ಕಟ್ ಎಂದಿತು. “ಗೌಡ್ರೇ, ಬ್ರೇಕ್ ತುಳೀರಿ” ಅಂದರು. ಭಾವಮೈದ ಹತ್ತಿ ಕೂತು ತುಳಿದ. ಮತ್ತೆ ಅಲುಗಿಸಿದರು. ಆಟ ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ. ಮೇಸ್ತ್ರಿ ತಲೆ ಎತ್ತದೆ, “ಎರಡೂ ಹೋಗಿದೆ” ಅಂದರು.

ಇದರಲ್ಲಿ ಮಂತ್ರವೇನೂ ಇಲ್ಲ. ಬ್ರೇಕ್ ತುಳಿದಾಗ ಡ್ರಮ್ಮು ಹಿಂದಿನ ತಟ್ಟೆಗೆ ಕಚ್ಚಿಕೊಳ್ಳುತ್ತದೆ. ವೀಲ್ ಬೇರಿಂಗಿನ ಸಡಿಲು ಅಲ್ಲಿಗೆ ಮುಚ್ಚಿಹೋಗುತ್ತದೆ. ಆಗಲೂ ಚಕ್ರ ಅಲುಗಿದರೆ ಅದು ಕಿಂಗ್‌ಪಿನ್ನಿನ, ಅಂದರೆ ಸ್ಟೀರಿಂಗು ತಿರುಗಿಸಿದಾಗ ಚಕ್ರ ಯಾವುದರ ಮೇಲೆ ಎಡಬಲಕ್ಕೆ ತಿರುಗುತ್ತದೋ ಆ ಗೂಟದ, ಬೇರಿಂಗಿನ ಸಡಿಲು. ಕೈಗಳನ್ನು ಅಡ್ಡಕ್ಕೆ, ಟೈರಿನ ಎಡಬಲಕ್ಕೆ ಇಟ್ಟು ಅಲುಗಿಸಿದಾಗ ಆಟ ಬಂದರೆ ಎರಡೂ ಚಕ್ರಗಳನ್ನು ಜೋಡಿಸುವ ಟೈರಾಡಿನ ತುದಿಗಳನ್ನು ನೋಡಬೇಕು. ಅದನ್ನೂ ನೋಡಿದರು, ಅದೂ ಹೋಗಿತ್ತು. ಪೇಟೆಯಲ್ಲಿ ಕಂಪ್ಯೂಟರಿಗೆ ಗಾಡಿ ಕೊಟ್ಟು ಅರ್ಧ ದಿನ ಕಾದು ಪಡೆಯುವ ಜ್ಞಾನವನ್ನು ಅವರು ಎರಡು ಕೈ ಮತ್ತು ಭಾವಮೈದನ ಒಂದು ಕಾಲಿನಿಂದ ಪಡೆದರು.

ಬಿಚ್ಚಿದ ಮೇಲೆ ಕಂಡದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಿಂಗ್‌ಪಿನ್ನಿನ ಕೆಳಗಿನ ಬೇರಿಂಗು ಕೂರುವ ಉಕ್ಕಿನ ಬಟ್ಟಲನ್ನು ಮೇಸ್ತ್ರಿ ಡೀಸೆಲ್‌ನಲ್ಲಿ ತೊಳೆದು, ಬನಿಯನ್ ತುಂಡಿನಲ್ಲಿ ಒರೆಸಿ ನನ್ನ ಕೈಗಿಟ್ಟರು. “ಉಗುರು ಓಡಿಸಿ ನೋಡಿ.” ನುಣುಪಾಗಿರಬೇಕಾದ ಬಟ್ಟಲಿನ ಸುತ್ತ ಸಾಲಾಗಿ ಗೆರೆಗಳು; ಒಂದೊಂದು ರೋಲರೂ ತನ್ನ ಗುರುತು ಒತ್ತಿಬಿಟ್ಟಿತ್ತು. ಉಗುರು ಟಿಕ್ ಟಿಕ್ ಎಂದು ತಡೆಯುತ್ತಿತ್ತು. ಚಕ್ರದ ಬೇರಿಂಗು ಸುತ್ತುತ್ತಲೇ ಇರುತ್ತದೆ, ಏಟನ್ನು ಎಲ್ಲ ಕಡೆ ಹಂಚಿಕೊಳ್ಳುತ್ತದೆ. ಕಿಂಗ್‌ಪಿನ್ನಿಗೆ ಆ ಭಾಗ್ಯವಿಲ್ಲ. ಜೀಪು ಹೆಚ್ಚು ಹೊತ್ತು ಹೋಗುವುದು ನೆಟ್ಟಗೆ, ಗುಂಡಿಯ ಏಟೆಲ್ಲ ಬೀಳುವುದು ಅದೇ ರೋಲರುಗಳ ಅದೇ ಜಾಗಕ್ಕೆ. ದೊಡ್ಡ ಟೈರಿನ ತೂಕ, ಸ್ಪೇಸರಿನಿಂದ ಹೊರಚಾಚಿದ ಚಕ್ರದ ಸನ್ನೆಬಲ ಸೇರಿದರೆ ಹೇಳುವುದೇ ಬೇಡ. ಸಪೂರ ಟೈರಿಗೆಂದು ಮಾಡಿದ ಮನೆಗೆ ದಪ್ಪ ಅಳಿಯ ಬಂದು ಕೂತಿದ್ದ.

ಚಕ್ರದ ಹಬ್ಬಿನೊಳಗಿನ ಗ್ರೀಸು ಇನ್ನೂ ಚೆಂದ. ಹಾಲು ಬೆರೆಸಿದ ಕಾಫಿಯ ಬಣ್ಣ. ಓಡಿ ಓಡಿ ಬಿಸಿಯಾದ ಹಬ್ಬನ್ನು ತಟ್ಟನೆ ತಣ್ಣನೆಯ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಳ್ಳ ದಾಟುವ ವಿಡಿಯೋಗಳಲ್ಲಿ ಎರಡೂ ಕಡೆ ರೆಕ್ಕೆಯಂತೆ ಏಳುವ ನೀರು ಕಾಣುತ್ತದೆ, ಒಳಗೆ ಹೋದ ನೀರು ಕಾಣುವುದಿಲ್ಲ. ಮೇಸ್ತ್ರಿ, “ಹೊಳೆಗೆ ಇಳಿಯೋ ಮೊದಲು ಒಂದು ಬೀಡಿ ಸೇದೋಷ್ಟು ಹೊತ್ತು ನಿಲ್ಲಿಸಿ” ಅಂದರು. ಭಾವಮೈದ ಬೀಡಿ ಸೇದುವವನಲ್ಲ. “ಹಾಗಾದ್ರೆ ಸುಮ್ನೆ ನಿಂತ್ಕೊಳ್ಳಿ” ಅಂದರು.

ನಡುಕಕ್ಕೆ ಬೇರಿಂಗು ಒಂದೇ ಕಾರಣವಲ್ಲ. ಕಿಂಗ್‌ಪಿನ್ನಿನ ತಲೆ ತುಸು ಹಿಂದಕ್ಕೆ ವಾಲಿರಬೇಕು. ತಿರುಗಿಸಿದ ಸ್ಟೀರಿಂಗು ತಾನಾಗಿ ನೆಟ್ಟಗೆ ಬರುವುದಕ್ಕೆ ಆ ವಾಲು ಬೇಕು. ಮುಂದಿನ ಶಾಕಲ್ಲು ಉದ್ದವಾದಾಗ ಆಕ್ಸಲ್ಲೇ ಸ್ವಲ್ಪ ಉರುಳಿ ಈ ವಾಲು ಕರಗುತ್ತದೆ. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕು ಮೊದಲು ಹೆಚ್ಚುಕಮ್ಮಿ ಮಟ್ಟಸವಾಗಿದ್ದದ್ದು ಈಗ ಇಳಿಜಾರಾಗಿರುತ್ತದೆ. ಹಾಗಾಗಿ ಗುಂಡಿಗೆ ಚಕ್ರ ಏರಿಳಿದಾಗೆಲ್ಲ ಜೀಪು ಯಾರನ್ನೂ ಕೇಳದೆ ಪಕ್ಕಕ್ಕೆ ಎಳೆಯುತ್ತದೆ. ಹೀಗೆ ಓಲಾಡುವ ಚಕ್ರ ಸಡಿಲ ಬೇರಿಂಗನ್ನು ಮತ್ತಷ್ಟು ಸಡಿಲಿಸುತ್ತದೆ, ಸಡಿಲ ಬೇರಿಂಗು ಚಕ್ರವನ್ನು ಮತ್ತಷ್ಟು ಓಲಾಡಿಸುತ್ತದೆ.

ಇದರ ಮೇಲೆ ಭಾವಮೈದನ ಇನ್ನೊಂದು ಅಭ್ಯಾಸ. ಮಳೆ ಬಿಟ್ಟು ಒಣಗಿದ ಚಾರ್ಮಾಡಿ ಘಾಟಿಯ ಟಾರು ರಸ್ತೆಯಲ್ಲೂ ಅವನು ಫೋರ್ ವೀಲ್ ಹಾಕಿಯೇ ಓಡಿಸುತ್ತಿದ್ದ, ಹಿಡಿತ ಚೆನ್ನಾಗಿರುತ್ತದೆ ಎಂದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸುತ್ತುತ್ತವೆ. ಹಳೆಯ ಜೀಪಿನಲ್ಲಿ ಆ ವ್ಯತ್ಯಾಸ ಸರಿದೂಗಿಸಲು ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಾದರೆ ಟೈರು ಜಾರಿ ಲೆಕ್ಕ ತೀರುತ್ತದೆ. ಒಣ ಟಾರಿನಲ್ಲಿ ಜಾರದೆ ಇಡೀ ಬಿಗಿತ ಆಕ್ಸಲ್ಲಿನ ಕ್ರಾಸುಗಳ ಮೇಲೆ ಬೀಳುತ್ತದೆ. ಕ್ರಾಸು ಎಂಬ ಆ ಸಣ್ಣ ಕೂಡುಕೀಲಿಗೆ ಮೊದಲೇ ಒಂದು ದೌರ್ಬಲ್ಯವಿದೆ. ಚಕ್ರ ನೆಟ್ಟಗಿದ್ದಾಗ ಅದು ಸಮನಾಗಿ ಸುತ್ತಿಸುತ್ತದೆ. ಚಕ್ರವನ್ನು 30 ಡಿಗ್ರಿ ತಿರುಗಿಸಿದರೆ ಒಂದೊಂದು ಸುತ್ತಿನಲ್ಲೂ ಎರಡು ಸಲ ವೇಗ ಸುಮಾರು ಶೇ 15ರಷ್ಟು ಏರಿ, ಎರಡು ಸಲ ಶೇ 13ರಷ್ಟು ಇಳಿಯುತ್ತದೆ. ಸ್ಟೀರಿಂಗು ಪೂರ್ತಿ ತಿರುಗಿಸಿ, ಕಲ್ಲಿಗೆ ಸಿಕ್ಕ ದೊಡ್ಡ ಟೈರನ್ನು ಬಿಡಿಸಲು ಅಕ್ಸಲರೇಟರ್ ಒತ್ತಿದವರು ಕ್ರಾಸು ಮುರಿಯುವ ಸದ್ದು ಕೇಳಿರುತ್ತಾರೆ. ಜೀಪನ್ನು ಎತ್ತರಿಸಿದ್ದು ಇದಕ್ಕೆ ನೇರ ಕಾರಣವಲ್ಲ, ಟೈರು ಕಾರಣ. ಈ ಮಾತು ಸಿಕ್ಕಿದ್ದೇ ತಡ, “ನೋಡಿ, ಲಿಫ್ಟಿಂದ ಅಲ್ವಂತೆ!” ಎಂದು ಭಾವಮೈದ ಗೆದ್ದವನಂತೆ ಎಲ್ಲರ ಮುಖ ನೋಡಿದ.

ಪಕ್ಕದ ತೋಟದವರ ಮಹೀಂದ್ರ ಥಾರಿನದು ಬೇರೆಯದೇ ಗೋಳು. 2010ರಲ್ಲಿ ಬಂದ ಥಾರಿಗೆ ಮುಂದೆ ಇಡೀ ಆಕ್ಸಲ್ಲಿಲ್ಲ, ಎರಡೂ ಚಕ್ರ ಪ್ರತ್ಯೇಕ, ಟಾರ್ಷನ್ ಬಾರಿನ ಮೇಲೆ ನಿಂತದ್ದು. ಅದರ ಬೋಲ್ಟು ಬಿಗಿದರೆ ಮೂತಿ ಪುಕ್ಕಟೆಯಾಗಿ ಮೇಲೇಳುತ್ತದೆ. ಆದರೆ ಚಕ್ರಕ್ಕೆ ಹೋಗುವ ಶಾಫ್ಟು ಓರೆಯಾಗಿ, ಸಿವಿ ಜಾಯಿಂಟಿನ ರಬ್ಬರ್ ಬೂಟು ಸದಾ ಹಿಂಡಿಕೊಂಡೇ ಸುತ್ತುತ್ತದೆ. ಬೂಟು ಬಿರಿದ ದಿನ ಚಕ್ರದ ಒಳಮೈಗೆ ಕರಿ ಗ್ರೀಸು ಚಿಮ್ಮಿರುತ್ತದೆ. ಅದನ್ನು ಗಮನಿಸದೆ ಬಿಟ್ಟರೆ ಮುಂದೆ ಪ್ರತಿ ತಿರುವಿನಲ್ಲೂ ಟಕ ಟಕ ಸದ್ದು.

ಕಾನೂನಿನ ಮಾತನ್ನು ಎತ್ತಿದವರು ಮಾವ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಗಾಡಿಯ ಎಫ್‌ಸಿ ತಪಾಸಣೆ ಹತ್ತಿರ ಬಂದಾಗ ನಮ್ಮ ಕಡೆ ಹಳೆಯ ಟೈರು ಎರವಲು ಕೇಳಿಕೊಂಡು ಬರುವವರು ಹೆಚ್ಚಾಗುವುದು ಸುಮ್ಮನೆ ಅಲ್ಲ. ಮಾವನ ಮಾತಿಗೆ ಭಾವಮೈದ ಬಗ್ಗಲಿಲ್ಲ. ಮೇಸ್ತ್ರಿಯ ಬಿಲ್ಲಿಗೆ ಬಗ್ಗಿದ.

ನಾಲ್ಕಿಂಚಿನ ಲಿಫ್ಟು ಎರಡಕ್ಕೆ ಇಳಿಯಿತು. ಉದ್ದದ ಶಾಕಲ್ಲು, ಸ್ಪೇಸರು ಗೋಣಿಚೀಲ ಸೇರಿದವು. ಟೈರು ಒಂದು ಅಳತೆ ಸಣ್ಣದಾಯಿತು. ಹೊಸ ಕಿಂಗ್‌ಪಿನ್ ಬೇರಿಂಗು ಕೂರಿಸುವಾಗ ಮೇಸ್ತ್ರಿ ಕಾಗದದಷ್ಟು ತೆಳುವಾದ ಶಿಮ್ಮುಗಳನ್ನು ಒಂದೊಂದಾಗಿ ಹಾಕಿ ತೆಗೆದು, ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಕಿಂಗ್‌ಪಿನ್ ಮೇಲೆ ತಿರುಗುವ ಸ್ಟೀರಿಂಗ್ ನಕಲ್ಲನ್ನು ಎಳೆದು ನೋಡುತ್ತಿದ್ದರು. ಮುಳ್ಳು ತಮಗೆ ಬೇಕಾದ ಜಾಗಕ್ಕೆ ಬರುವವರೆಗೂ ಬಿಡಲಿಲ್ಲ. ಸಡಿಲಾದರೆ ನಡುಗುತ್ತದೆ, ಬಿಗಿಯಾದರೆ ಸ್ಟೀರಿಂಗು ಹಿಂದಕ್ಕೆ ಬರುವುದಿಲ್ಲ. ಕಂಪನಿಯ ಪುಸ್ತಕದಲ್ಲಿರುವ ವಿಧಾನವೂ ಇದೇ, ಮೀನಿನ ವಾಸನೆಯೊಂದನ್ನು ಬಿಟ್ಟು.

ಕಮಾನಿನಿಂದ ತೆಗೆದ ಹೆಚ್ಚುವರಿ ಪಟ್ಟಿಗಳನ್ನು ಗುಜರಿಗೆ ಕೊಡಲು ಅತ್ತೆ ಬಿಡಲಿಲ್ಲ. ಕಮಾನು ಪಟ್ಟಿಯ ಉಕ್ಕು ಒಳ್ಳೆಯ ಕತ್ತಿಯಾಗುತ್ತದೆ ಎಂಬುದು ಮಲೆನಾಡಿನಲ್ಲಿ ಮಕ್ಕಳಿಗೂ ಗೊತ್ತು. ಊರಿನ ಆಚಾರಿ ಕಾಯಿಸಿ ಬಡಿದು ತೋಟಕ್ಕೆರಡು ಕತ್ತಿ, ಅಡಿಗೆಮನೆಗೊಂದು ಮೆಟ್ಟುಗತ್ತಿ ಮಾಡಿಕೊಟ್ಟರು. ಹಲಸಿನಕಾಯಿಯೊಂದನ್ನು ಅದರ ಮೇಲಿಟ್ಟು ಒಂದೇ ಒತ್ತಿಗೆ ಹೋಳು ಮಾಡಿದ ಅತ್ತೆ, ಅಂಟು ಒರೆಸಿಕೊಳ್ಳುತ್ತಾ ಅಂಗಳದ ಕಡೆ ನೋಡಿ ಮಗನನ್ನು ಕೇಳಿದರು: “ಅದರಲ್ಲಿ ಇನ್ನೂ ಎಷ್ಟು ಪಟ್ಟಿ ಇದಾವೋ?”