ಮಾಲೀಕರ ಸಹಿ

ನಮ್ಮ ಮನೆಯ ಅಧಿಕಾರ ಶ್ರೇಣಿಯಲ್ಲಿ ಮೊದಲು ಅಮ್ಮ, ಆಮೇಲೆ ನನ್ನ ಹೆಂಡತಿ, ಆಮೇಲೆ ಮಗಳು, ಅವಳ ನಂತರ ಬೆಕ್ಕು. ಐದನೆಯ ಸ್ಥಾನಕ್ಕೆ ನನಗೂ ಕೆಲಸದಾಕೆಗೂ ಪೈಪೋಟಿಯಿತ್ತು. ಆಕೆ ಗೆದ್ದು ಬಹಳ ಕಾಲವಾಯಿತು.

ಬೆಕ್ಕಿನ ಹೆಸರು ಅಮ್ಮಣ್ಣಿ. ಎದುರುಮನೆಯ ಬಾಡಿಗೆದಾರರು ಮನೆ ಖಾಲಿ ಮಾಡುವಾಗ ಹಳೆಯ ಪೊರಕೆಯನ್ನೂ ಬಿಡದೆ ಲಾರಿಗೆ ಹೇರಿ, ಇದೊಂದನ್ನು ಕಾಂಪೌಂಡಿನ ಮೇಲೆ ಬಿಟ್ಟುಹೋಗಿದ್ದರು. ಹಲ್ಲು ನೋಡಿದ ಡಾಕ್ಟರು "ಹತ್ತರ ಮೇಲಾಗಿದೆ" ಅಂದರು. ಎಡಗಿವಿಯ ತುದಿ ಕತ್ತರಿಸಿತ್ತು, ಸಂತಾನಹರಣವಾದ ಗುರುತು. "ಎರಡು ದಿನ ಇರಲಿ, ಯಾರಾದರೂ ಕೇಳಿದರೆ ಕೊಟ್ಟುಬಿಡೋಣ" ಎಂದು ನಾನು ಗಟ್ಟಿಯಾಗಿಯೇ ಹೇಳಿದ್ದೆ. ಯಾರೂ ಕೇಳಲಿಲ್ಲ, ಬೆಕ್ಕನ್ನೂ, ನನ್ನ ಮಾತನ್ನೂ.

ನಮ್ಮದು ಈರುಳ್ಳಿಗೂ ಪಂಚಾಂಗ ನೋಡುವ ಮನೆ. ಅಮ್ಮ ಮೊಸರನ್ನ ಕಲಸಿ ಇಟ್ಟರು. ಅಮ್ಮಣ್ಣಿ ಮೂಸಿ ನೋಡಿ, ಮಣ್ಣು ಮುಚ್ಚುವವಳ ಹಾಗೆ ಮುಂಗಾಲಿನಿಂದ ನೆಲ ಕೆರೆದು ಎದ್ದುಹೋದಳು. ಬೆಕ್ಕಿಗೆ ಟಾರಿನ್ ಬೇಕು, ಅದು ಮಾಂಸ, ಮೀನಿನಲ್ಲೇ ಸಿಗುವುದು, ಸಾಲದಿದ್ದರೆ ಕಣ್ಣೂ ಹೃದಯವೂ ಕೆಡುತ್ತವೆ ಎಂದು ಡಾಕ್ಟರು ವಿವರಿಸಿದ ಮೇಲೆ ಮೀನು ತರುವ ಹೊಣೆ, ಕೇಳಬೇಕೆ, ನನ್ನ ಪಾಲಿಗೆ ಬಂತು. ಬಂಗುಡೆಯನ್ನು ಕವರಿನೊಳಗೆ ಕವರು ಹಾಕಿ ಸುತ್ತಿ, ಮೇಲೆ ದಂಟಿನ ಸೊಪ್ಪು ಹೊದಿಸಿ ತರುತ್ತಿದ್ದೆ. "ಏನ್ ರಾಯರೇ, ಈಚೆಗೆ ಸೊಪ್ಪು ಜಾಸ್ತಿಯಾಯ್ತಲ್ಲ?" ಎಂದ ಪಕ್ಕದ ಮನೆಯ ಹಿರಿಯರಿಗೆ "ರಕ್ತಹೀನತೆ" ಅಂದೆ. ಬೀದಿಯ ಬೆಕ್ಕುಗಳೆಲ್ಲ ನನ್ನ ಹಿಂದೆ ಮೆರವಣಿಗೆ ಹೊರಟದ್ದನ್ನು ಅವರು ಕಂಡೂ ಕಾಣದಂತಿದ್ದದ್ದು ಅವರ ದೊಡ್ಡತನ.

ಕಳೆದ ಮಳೆಗಾಲದಲ್ಲಿ ಅಮ್ಮಣ್ಣಿ ನೀರಿನ ಬಟ್ಟಲು ಬಿಟ್ಟು ಕದಲದಂತಾದಳು. ಮುದಿ ಬೆಕ್ಕುಗಳನ್ನು ಹೆಚ್ಚಾಗಿ ಕಾಡುವುದು ಮೂತ್ರಪಿಂಡದ ಕಾಯಿಲೆ. ರಕ್ತದಲ್ಲಿ ಕ್ರಿಯಾಟಿನಿನ್ 5 ದಾಟಿತ್ತು. ಅದು ಕೊನೆಯ ಹಂತ. ನಾನು ರಾತ್ರಿಯೆಲ್ಲ ಮೊಬೈಲ್ ತಿಕ್ಕಿ, ಅಮೆರಿಕದ ಟೆಕ್ಸಾಸಿನಲ್ಲಿ ಕ್ರೀಮ್ ಪಫ್ ಎಂಬ ಬೆಕ್ಕು 38 ವರ್ಷ ಬದುಕಿ 2005ರಲ್ಲಿ ತೀರಿಕೊಂಡ ಸಂಗತಿಯನ್ನು ಡಾಕ್ಟರಿಗೆ ವರದಿ ಮಾಡಿದೆ. "ಅದು ನಮ್ಮ ಪೇಷೆಂಟ್ ಅಲ್ಲವಲ್ಲ ಸಾರ್" ಅಂದರು.

ಮನೆಯಲ್ಲೇ ಚರ್ಮದಡಿಗೆ ಡ್ರಿಪ್ ಕೊಡುವುದೆಂದಾಯಿತು. ಬಾಟಲಿಯನ್ನು ಕಿಟಕಿಯ ಸರಳಿಗೆ ತೂಗುಹಾಕಿ ಹೆಂಡತಿ ಸೂಜಿ ಚುಚ್ಚುವಳು. ತಲೆ ಸುತ್ತಿ ಸೋಫಾದ ಮೇಲೆ ಒರಗುವುದು ನನ್ನ ಕೆಲಸ. ಅಮ್ಮ ನೀರು ತಂದು ಮೊದಲು ಬೆಕ್ಕಿನ ಮುಂದಿಟ್ಟು, ಆಮೇಲೆ "ನೀನೂ ಕುಡಿಯೋ" ಎಂದು ನನ್ನ ಕಡೆ ನೋಡುತ್ತಿದ್ದರು.

ಕೊನೆಗೆ ಕತ್ತಿನ ಚರ್ಮವನ್ನು ಎತ್ತಿ ಬಿಟ್ಟರೆ ಎತ್ತಿದ ಹಾಗೇ ನಿಲ್ಲತೊಡಗಿತು. ಮೀನು ಬಿಡಿಸಿ ಬಾಯಿಗೆ ಹಿಡಿದರೂ ಮುಖ ತಿರುಗಿಸಿದಳು. "ಇನ್ನು ನರಳಿಸೋದು ಬೇಡ. ನೀವೇ ಹೇಳಿ" ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಹೆಂಡತಿಯ ಕಡೆ ನೋಡಿದೆ. "ನೀವೇ ಹೇಳ್ರೀ" ಅಂದಳು. ಕಿಟಕಿಯ ಪರದೆಯಿಂದ ನನ್ನ ಅಂಗಿಯ ಬಣ್ಣದವರೆಗೆ ಯಾವುದಕ್ಕೂ ನನ್ನನ್ನು ಕೇಳದ ಸಂಸಾರ, ಕೇಳಬಾರದ್ದನ್ನು ಕೇಳಿತು. ಒಪ್ಪಿಗೆ ಪತ್ರದಲ್ಲಿ 'ಮಾಲೀಕರು' ಎಂದಿದ್ದ ಕಡೆ ಸಹಿ ಹಾಕಿದೆ. ಬೇರೆ ದಿನವಾಗಿದ್ದರೆ ಹೆಂಡತಿ ಅದನ್ನು ಹೊಡೆದು ತಿದ್ದುತ್ತಿದ್ದಳು.

ಮೊದಲು ಮಂಪರಿನ ಇಂಜೆಕ್ಷನ್, ಆಮೇಲೆ ಅರಿವಳಿಕೆಯ ದೊಡ್ಡ ಡೋಸು. ಮಂಪರು ಹತ್ತುವವರೆಗೂ ಅಮ್ಮಣ್ಣಿ ನನ್ನ ಹೆಬ್ಬೆರಳಿಗೆ ಮೂಗು ಒತ್ತಿಕೊಂಡಿದ್ದಳು. ಬೆರಳಿಗೆ ಬಂಗುಡೆಯ ವಾಸನೆಯಿತ್ತು. ಪ್ರೀತಿ ಎಂದು ನಾನು ತೀರ್ಮಾನಿಸಿಕೊಂಡೆ. "ಬೆಕ್ಕಿಗೆಂಥ ಸೂತಕ" ಎಂದ ಅಮ್ಮ ಮುಂದೆ ಬಂದ ಹಬ್ಬಕ್ಕೆ ಹೋಳಿಗೆ ತಟ್ಟಲಿಲ್ಲ.

ನಿಮ್ಮಲ್ಲೂ ಮುದಿ ಬೆಕ್ಕಿದ್ದರೆ, ನೀರು ಕುಡಿಯುವುದು ಹೆಚ್ಚಾದ ಕೂಡಲೇ ರಕ್ತ ಪರೀಕ್ಷೆ ಮಾಡಿಸಿ. ಸಂಕಟ ನೋಡಲಾಗದೆ ನಿಮ್ಮ ಪ್ಯಾರಸಿಟಮಾಲನ್ನು ಚೂರು ಮುರಿದು ಕೊಡಬೇಡಿ. ಬೆಕ್ಕಿಗೆ ಅದು ವಿಷ. ಕೊನೆಯ ಇಂಜೆಕ್ಷನ್ನಿನ ಹೊತ್ತಿಗೆ ಫೋನ್ ಬಂತೆಂದು ಹೊರಗೆ ಹೋಗಬೇಡಿ. ಮಾಲೀಕರೆಂದು ಸಹಿ ಹಾಕಿದವರಿಗೆ ಇರುವುದು ಅದೊಂದೇ ಕೆಲಸ.