ಎರಡೂ ಪುಟಕ್ಕೆ ತಲೆದೂಗುವ ಓದುಗ

ತತ್ತ್ವಶಾಸ್ತ್ರದ ಕಠಿಣ ಗ್ರಂಥಗಳ ಸಾಲಿನಲ್ಲಿ ಇಮ್ಯಾನುಯೆಲ್ ಕಾಂಟ್‌ನ ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ಗೆ, ಅಂದರೆ ಶುದ್ಧ ಬುದ್ಧಿಯ ವಿಮರ್ಶೆಗೆ, ಅಗ್ರಪೀಠ ಮೀಸಲು. 1781ರಲ್ಲಿ ಮೊದಲು ಅಚ್ಚಾದ, ಎಂಟುನೂರು ಪುಟಗಳನ್ನೂ ಮೀರಿದ ಈ ಜರ್ಮನ್ ಕೃತಿಯನ್ನು ಓದತೊಡಗಿದವರು ಎಷ್ಟು ದೂರ ಹೋದರೆಂಬುದಕ್ಕೆ ಹಳೆಯ ಪ್ರತಿಗಳೇ ಸಾಕ್ಷಿ: ಮುನ್ನುಡಿಯಲ್ಲಿ ಸಾಲುಸಾಲಿಗೂ ಎಳೆದ ಪೆನ್ಸಿಲ್ ಗೆರೆಗಳು ಬರಬರುತ್ತ ಅಂಚಿನ ಪ್ರಶ್ನಾರ್ಥಕ ಚಿಹ್ನೆಗಳಿಗೆ ಎಡೆಮಾಡಿಕೊಡುತ್ತವೆ, ಆಮೇಲಿನ ಹಾಳೆಗಳು ಅಚ್ಚುಕೂಟದಿಂದ ಬಂದ ಹೊಸತನವನ್ನು ಹಾಗೆಯೇ ಉಳಿಸಿಕೊಂಡಿರುತ್ತವೆ.

ಕಾಲವೂ ದೇಶವೂ (ದೇಶವೆಂದರೆ ಇಲ್ಲಿ ವಸ್ತುಗಳು ತೋರುವ ಅವಕಾಶವೇ ಹೊರತು ರಾಷ್ಟ್ರವಲ್ಲ) ಹೊರಗಿನ ವಸ್ತುಗಳ ಗುಣಗಳಲ್ಲ, ಇಂದ್ರಿಯಗಳಿಗೆ ಒದಗಿದ್ದನ್ನು ಮನಸ್ಸು ಬರಮಾಡಿಕೊಳ್ಳುವ ರೀತಿಗಳು ಎಂಬುದು ಕಾಂಟ್‌ನ ವಾದ. ಗಡಿಯಾರದ ಮುಳ್ಳು ಒಂದು ಸುತ್ತು ಬಂದರೂ ಪುಟ ಮಗುಚದಿರುವುದನ್ನು ಕಂಡ ಓದುಗನು ಕಾಲದ ಮಟ್ಟಿಗಾದರೂ ಇದನ್ನು ತಕರಾರಿಲ್ಲದೆ ಒಪ್ಪುತ್ತಾನೆ. ಉದಾಹರಣೆಗಳನ್ನು ಸೇರಿಸಿದರೆ ಗ್ರಂಥ ಇನ್ನಷ್ಟು ಬೆಳೆದೀತೆಂದು ಕಾಂಟ್ ಮುನ್ನುಡಿಯಲ್ಲಿಯೇ ಕೈತೊಳೆದುಕೊಂಡಿರುವುದರಿಂದ, ಅವನ್ನು ಹೊಂದಿಸಿಕೊಳ್ಳುವ ಹೊಣೆ ಓದುಗನದೇ ಆಗುತ್ತದೆ. ತೋರಿಕೆಯ ಆಚೆಗೆ ತನ್ನಷ್ಟಕ್ಕೆ ತಾನಿರುವ ವಸ್ತುವು ಎಂದಿಗೂ ಅರಿವಿಗೆ ದಕ್ಕದೆಂಬ ಪ್ರಸಿದ್ಧ ತತ್ತ್ವಕ್ಕೆ, ಕೈಯಲ್ಲಿರುವ ಗ್ರಂಥಕ್ಕಿಂತ ಒಳ್ಳೆಯ ಉದಾಹರಣೆ ಅವನಿಗೆ ಹೊಳೆಯುವುದಿಲ್ಲ.

ಗ್ರಂಥ ಅರ್ಥವಾಗಲಿಲ್ಲವೆಂಬ ದೂರು ಆ ಕಾಲದ ವಿದ್ವಾಂಸರದೂ ಆಗಿದ್ದು, ಕಾಂಟ್ 1783ರಲ್ಲಿ ‘ಪ್ರೊಲೆಗೊಮೆನಾ’ ಎಂಬ ಚಿಕ್ಕ ಪುಸ್ತಕವನ್ನು ಹೊರತಂದನು. ಇದಾದರೂ ಸುಲಭವಿದ್ದೀತೆಂದು ಹಿಡಿದವರಿಗೆ, ಇದು ವಿದ್ಯಾರ್ಥಿಗಳಿಗಲ್ಲ, ಮುಂದೆ ಅಧ್ಯಾಪಕರಾಗುವವರಿಗೆ ಎಂಬ ಎಚ್ಚರಿಕೆ ಆರಂಭದಲ್ಲಿಯೇ ಎದುರಾಗುತ್ತದೆ.

ಇಷ್ಟಾದರೂ ಬಿಡದೆ ಮುಂದುವರಿದವನು ‘ಆಂಟಿನಮಿ’ಗಳನ್ನು, ಅಂದರೆ ಪರಸ್ಪರ ವಿರುದ್ಧವಾಗಿದ್ದೂ ಸಮಾನವಾಗಿ ಸಾಧಿಸಬಹುದಾದ ಪ್ರತಿಪಾದನೆಗಳ ಜೋಡಿಗಳನ್ನು, ತಲುಪುತ್ತಾನೆ. ಜಗತ್ತಿಗೆ ಕಾಲದಲ್ಲಿ ಆರಂಭವುಂಟೆಂದು ಎಡಪುಟವೂ ಇಲ್ಲವೆಂದು ಬಲಪುಟವೂ ಎದುರುಬದುರು ನಿಂತು ಸಾಧಿಸುತ್ತಿರಲು, ಮೊದಲು ಅದಕ್ಕೂ ಆಮೇಲೆ ಇದಕ್ಕೂ ತಲೆದೂಗಿದ ಓದುಗನು ತನ್ನ ಬುದ್ಧಿಗೇ ಏನೋ ಆಯಿತೆಂದು ಕಳವಳಪಡುತ್ತಾನೆ. ಆದರೆ ಅನುಭವದ ಎಲ್ಲೆ ದಾಟಿದ ಬುದ್ಧಿಯು ಹೀಗೆ ತನ್ನೊಡನೆ ತಾನೇ ಜಗಳಕ್ಕೆ ನಿಲ್ಲುತ್ತದೆಂಬುದನ್ನು ತೋರಿಸುವುದೇ ಕಾಂಟ್‌ನ ಉದ್ದೇಶವಾದುದರಿಂದ, ಉಳಿದೆಡೆ ಬೇಡದ ಕಡೆಯಲ್ಲೆಲ್ಲ ಗೊಂದಲಕ್ಕೆ ಬಿದ್ದವನು ಇಲ್ಲಿ ಮಾತ್ರ ಗ್ರಂಥಕರ್ತನು ಬಯಸಿದ ಪುಟದಲ್ಲಿಯೇ, ಬಯಸಿದಷ್ಟೇ ಗೊಂದಲಕ್ಕೆ ಒಳಗಾಗಿರುತ್ತಾನೆ. ತತ್ತ್ವಶಾಸ್ತ್ರದ ಓದಿನಲ್ಲಿ ಇದನ್ನು ಪ್ರಗತಿಯೆಂದೇ ಎಣಿಸತಕ್ಕದ್ದು.