ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಉಪವಾಸ

ಹೂಜಿ ಗಿಡ, ಅಂದರೆ ನೆಪೆಂಥಿಸ್, ಹುಟ್ಟಿದ್ದು ಸಾರವಿಲ್ಲದ ಮಣ್ಣಿನಲ್ಲಿ. ಗತ್ತು ಮಾತ್ರ ಜಮೀನ್ದಾರರದು. ಬೋರ್ನಿಯೊ, ಸುಮಾತ್ರಾಗಳ ತೇವದ ಕಾಡು ಅದರ ತವರು. ಭಾರತದಲ್ಲಿ ಮೇಘಾಲಯದ ಬೆಟ್ಟಗಳ ಒಂದೇ ಪ್ರಭೇದ. ಎಲೆಯ ತುದಿಯ ಬಳ್ಳಿಯೇ ಉಬ್ಬಿ ಹೂಜಿಯಾಗುತ್ತದೆ. ಸಿಹಿಯ ಆಸೆಗೆ ಅಂಚಿಗೆ ಬಂದ ಇರುವೆ ಜಾರಿ ಹೂಜಿಯೊಳಗಿನ ರಸಕ್ಕೆ ಬಿದ್ದರೆ ಗಿಡಕ್ಕೆ ಸಾರಜನಕದ ಊಟ. ಬೋರ್ನಿಯೊದ ನೆಪೆಂಥಿಸ್ ಲೋವಿ ಇನ್ನೂ ಜಾಣ. ಟ್ರೀ ಶ್ರೂ ಎಂಬ ಅಳಿಲಿನಷ್ಟಿರುವ ಪ್ರಾಣಿ ಅದರ ಮುಚ್ಚಳದಡಿಯ ಸಿಹಿ ನೆಕ್ಕಲು ಹೂಜಿಯ ಬಾಯಿಯ ಮೇಲೆಯೇ ಕೂರುತ್ತದೆ, ಕೂತಲ್ಲೇ ಹಿಕ್ಕೆಯನ್ನೂ ಹಾಕುತ್ತದೆ. ಗೊಬ್ಬರ ಮನೆಬಾಗಿಲಿಗೇ ಬಂತು!

ಇಂಥ ಗಿಡಕ್ಕೆ ಬೋರ್‌ವೆಲ್ ನೀರಿನ ಲವಣ ಆಗಿಬರುವುದಿಲ್ಲ, ಮಳೆನೀರೇ ಆಗಬೇಕು. ಗಾಳಿ ಒಣಗಿದರೆ ಹೂಜಿ ಬಿಡುವುದನ್ನೇ ನಿಲ್ಲಿಸಿ ಮುನಿಸಿಕೊಳ್ಳುತ್ತದೆ. ಸೊಳ್ಳೆ ಕಾಟ ತಪ್ಪಲೆಂದು ತಂದವರಿಗೆ ನಿರಾಸೆ ಖಚಿತ; ಕಾಡಿನಲ್ಲಿ ಕೆಲವು ಜಾತಿಯ ಸೊಳ್ಳೆಮರಿಗಳು ಆ ರಸದಲ್ಲೇ ಆರಾಮಾಗಿ ಬೆಳೆಯುತ್ತವೆ.

ಹೂಜಿ ಗಿಡಕ್ಕೆ ತದ್ವಿರುದ್ಧ ಸ್ವಭಾವದ ಅಡೇನಿಯಂ ಸಹಾರಾದ ದಕ್ಷಿಣದಂಚು, ಪೂರ್ವ ಆಫ್ರಿಕ, ಅರೇಬಿಯಾಗಳ ಪೊದೆ. ಅದರ ಬುಡದ ಡೊಳ್ಳುಹೊಟ್ಟೆಯೇ ನೀರಿನ ಗೋದಾಮು. ಬಿಸಿಲಿಗಿಟ್ಟು ಅರ್ಧ ಮರೆತರೆ ಗುಲಾಬಿ ಬಣ್ಣದ ಹೂಗಳು; ಅಕ್ಕರೆಯಿಂದ ದಿನಾ ನೀರೆರೆದರೆ ಬುಡ ಕೊಳೆತು, ಒತ್ತಿದರೆ ಬೆರಳು ಒಳಗಿಳಿಯುತ್ತದೆ. ಸೋಮಾರಿಗಳಿಗೆ ಹೇಳಿ ಮಾಡಿಸಿದ ಗಿಡವೆಂದರೂ ತಪ್ಪಿಲ್ಲ. ಆದರೆ ಅದರ ರಸ ವಿಷ, ಆಫ್ರಿಕದ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದುದು. ಕೊಂಬೆ ಕತ್ತರಿಸಿದವರು ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಎರಡನ್ನೂ ಒಂದೇ ಬಾಲ್ಕನಿಯಲ್ಲಿ ಸಾಕುವವರು ಮಳೆಗಾಲದಲ್ಲಿ ಅಡೇನಿಯಂ ಕುಂಡವನ್ನು ಸೂರಿನಡಿಗೆ ಎಳೆದು, ಹೂಜಿ ಗಿಡವನ್ನು ಇರಚಲಿಗೆ ತಳ್ಳಬೇಕು.